ಒಂದು ಭಾನುವಾರ ಕೆಡವಿದ ಹೋಟೆಲು



ತಲಪಾಡಿಯಿಂದ ಕಾಸರಗೋಡಿನ ಕಡೆಗೆ ಬರುವ ರಾಷ್ಟ್ರೀಯ ಹೆದ್ದಾರಿ 66 ಆರು ಲೇನುಗಳಾಗಿ ಅಗಲವಾದದ್ದನ್ನು ನಾವೆಲ್ಲ ಕಣ್ಣಾರೆ ಕಂಡವರು. ರಸ್ತೆ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಮಂಗಳೂರಿನ ಆಸ್ಪತ್ರೆಗೆ ರೋಗಿಯನ್ನು ಕರೆದುಕೊಂಡು ಹೋಗಿ ದಾರಿಯಲ್ಲಿ ಸಿಕ್ಕಿಹಾಕಿಕೊಂಡವರು ಯಾರೂ ಆ ರಸ್ತೆ ಬೇಡ ಎನ್ನಲಾರರು. ಆದರೆ ರಸ್ತೆಯ ಜೊತೆಗೆ ಕೆಲವು ಕಟ್ಟಡಗಳೂ ಹೋದವು. ನಮ್ಮ ಇಗರ್ಜಿಯ ತಿರುವಿನ ಹತ್ತಿರ ಹೆಂಚಿನ ಮಾಡಿನ ಒಂದು ಹಳೆಯ ಹೋಟೆಲು ಇತ್ತು. ಗಾಯನ ಮಂಡಳಿಯ ಅಭ್ಯಾಸ ಮುಗಿಸಿ ನಾವು ಗೋಳಿಬಜೆ ತಿಂದದ್ದು ಅಲ್ಲಿ. ನಮ್ಮ ಅಪ್ಪಂದಿರು ಕಾಲೇಜಿಗೆ ಹೋಗುವಾಗ ಬಸ್ಸಿಗೆ ಕಾದದ್ದು ಅದರ ಜಗಲಿಯಲ್ಲಿ. ಬಾಗಿಲ ಮೇಲೆ ಕನ್ನಡದಲ್ಲಿ ಬರೆದ ಹೆಸರಿನ ಹಲಗೆ. ಒಂದು ದಿನ ಅಳತೆಯ ಕಲ್ಲು ನೆಟ್ಟರು, ಮತ್ತೊಂದು ದಿನ ಜೆಸಿಬಿ ಬಂತು. ಬೆಳಿಗ್ಗೆ ಚಾ ಕುಡಿದ ಜಾಗ ಸಂಜೆಗೆ ಮಣ್ಣಾಗಿತ್ತು.

ಕಳೆದ ಯುವಜನರ ಕೂಟದಲ್ಲಿ ಆ ಹೋಟೆಲಿನ ಮಾತು ಬಂತು. ಯಾರ ಹತ್ತಿರವಾದರೂ ಅದರ ಫೋಟೋ ಇದೆಯೇ ಎಂದು ಹುಡುಕಿದೆವು. ದಿನಕ್ಕೆ ನೂರು ಫೋಟೋ ತೆಗೆಯುವ ನಮ್ಮಲ್ಲಿ ಯಾರ ಫೋನಿನಲ್ಲೂ ಇರಲಿಲ್ಲ. ಕೊನೆಗೆ ಒಬ್ಬರ ಮನೆಯ ಮದುವೆಯ ಆಲ್ಬಮಿನಲ್ಲಿ, ಹೂವಿನಿಂದ ಅಲಂಕರಿಸಿದ ಕಾರಿನ ಹಿಂದೆ, ಆ ಹಲಗೆಯ ಅರ್ಧ ಭಾಗ ಕಾಣಿಸಿತು. ಅಷ್ಟೇ.

ಆಮೇಲೆ ನಮ್ಮಲ್ಲೊಂದು ಪ್ರಶ್ನೆ ಎದ್ದಿತು. ದಾರಿಬದಿಯ ಹೋಟೆಲಿನಂಥ ಸಾಮಾನ್ಯ ಕಟ್ಟಡವನ್ನು ಉಳಿಸಬೇಕೆಂದು ಜಗತ್ತಿನಲ್ಲಿ ಯಾರಾದರೂ ಹೋರಾಡಿದ್ದಾರೆಯೇ? ಹೋರಾಡಿದ್ದರೆ ಏನಾಯಿತು? ಹುಡುಕುತ್ತ ಹೋದಾಗ ಅಮೆರಿಕದ ಕ್ಯಾಲಿಫೋರ್ನಿಯದ ಡೌನಿ ಎಂಬ ಒಂದೇ ಊರಿನಲ್ಲಿ ಇಂಥ ಮೂರು ಕಟ್ಟಡಗಳ ಕಥೆ ಸಿಕ್ಕಿತು. ಮೂರಕ್ಕೂ ಅಪಾಯ ಬಂದಿತ್ತು, ಮೂರರ ಗತಿಯೂ ಬೇರೆ ಬೇರೆಯಾಯಿತು. ಅದನ್ನು ನಿಮ್ಮೊಂದಿಗೆ ಹಂಚಿಕೊಳ್ಳಲು ಈ ಬರಹ.

ಕಾರಿಗಾಗಿ ಹುಟ್ಟಿದ ಊರು

ಡೌನಿ ಇರುವುದು ಲಾಸ್ ಏಂಜಲೀಸ್ ನಗರದ ಆಗ್ನೇಯಕ್ಕೆ, ನಗರದ ನಡುವಿನಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ. ಮೊದಲು ಅದು ಕಿತ್ತಳೆ ತೋಟಗಳ ಸೀಮೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನ ಕಾರ್ಖಾನೆಗಳ ಕೆಲಸ ಹೆಚ್ಚಿತು, ಯುದ್ಧ ಮುಗಿದ ಮೇಲೆ ತೋಟಗಳಿದ್ದಲ್ಲಿ ಮನೆಗಳೆದ್ದವು. 1956ರಲ್ಲಿ ಡೌನಿ ತನ್ನದೇ ಆಡಳಿತವುಳ್ಳ ನಗರವಾಯಿತು. ಮುಂದೆ ಮನುಷ್ಯರನ್ನು ಚಂದ್ರನತ್ತ ಕೊಂಡೊಯ್ದ ಅಪೊಲೊ ನೌಕೆಗಳ ಕಮಾಂಡ್ ಮಾಡ್ಯೂಲುಗಳು ತಯಾರಾದದ್ದೂ ಈ ಊರಿನ ಕಾರ್ಖಾನೆಯಲ್ಲೇ.

ಇಂಥ ಊರಿನಲ್ಲಿ ಕಾಲ್ನಡಿಗೆಯಲ್ಲಿ ಸುತ್ತುವ ಪೇಟೆ ಎಂಬುದು ಹೆಚ್ಚೇನೂ ಇರಲಿಲ್ಲ. ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಅಂಗಡಿಗೆ, ಎಲ್ಲಕ್ಕೂ ಕಾರು. ಊರಿನ ಮುಖ್ಯ ರಸ್ತೆಯ ಹೆಸರೇ ಫೈರ್‌ಸ್ಟೋನ್ ಬುಲೆವಾರ್ಡ್. ಪಕ್ಕದ ಸೌತ್ ಗೇಟ್ ಊರಿನಲ್ಲಿ ಕಾರ್ಖಾನೆ ಹಾಕಿದ್ದ ಟಯರ್ ಕಂಪನಿಯಿಂದ ಬಂದ ಹೆಸರದು.

ಕಾರಿನಲ್ಲಿ ಹೋಗುವವನ ಕಣ್ಣಿಗೆ ಹೋಟೆಲು ಬೀಳಬೇಕಾದರೆ ಹೇಗಿರಬೇಕು? ನಡೆದು ಹೋಗುವವನಾದರೆ ಬಾಗಿಲಲ್ಲಿ ನಿಂತು ಹಲಗೆ ಓದುತ್ತಾನೆ, ಒಗ್ಗರಣೆಯ ವಾಸನೆಗೆ ಒಳಗೆ ಇಣುಕುತ್ತಾನೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವವನಿಗೆ ಸಿಗುವುದು ಕೆಲವೇ ಕ್ಷಣ. ದೂರದಿಂದಲೇ ಕಾಣಬೇಕು, ಒಳಗೆ ಬೆಳಕಿದೆ, ಜನರಿದ್ದಾರೆ ಎಂದು ತಿಳಿಯಬೇಕು, ಕಾರು ನಿಲ್ಲಿಸಲು ಜಾಗವಿದೆ ಎಂದು ಗೊತ್ತಾಗಬೇಕು. ಹಾಗಾಗಿ ಅಲ್ಲಿನ ವಾಸ್ತುಶಿಲ್ಪಿಗಳು ಮಾಡನ್ನು ಗಾಳಿಪಟದಂತೆ ಓರೆಯಾಗಿ ಮೇಲಕ್ಕೆತ್ತಿದರು. ರಸ್ತೆಯ ಕಡೆಗೆ ನೆಲದಿಂದ ಮಾಡಿನವರೆಗೆ ಗಾಜು ಹಾಕಿದರು. ಹೆಸರನ್ನು ನಿಯಾನ್ ದೀಪದಲ್ಲಿ ಆಳೆತ್ತರ ಬರೆಸಿದರು. ಕಟ್ಟಡವೇ ಒಂದು ದೊಡ್ಡ ಹಲಗೆಯಂತಾಯಿತು.

ಈ ಶೈಲಿಗೆ ಗೂಗೀ ಎಂದು ಹೆಸರು. ಲಾಸ್ ಏಂಜಲೀಸಿನ ಸನ್‌ಸೆಟ್ ಬುಲೆವಾರ್ಡಿನಲ್ಲಿ 1949ರಲ್ಲಿ ಜಾನ್ ಲಾಟ್ನರ್ ಎಂಬ ವಾಸ್ತುಶಿಲ್ಪಿ ವಿನ್ಯಾಸ ಮಾಡಿದ ಗೂಗೀಸ್ ಎಂಬ ಕಾಫಿ ಹೋಟೆಲು ಇತ್ತು. 1952ರಲ್ಲಿ ಡಗ್ಲಸ್ ಹ್ಯಾಸ್ಕೆಲ್ ಎಂಬ ವಿಮರ್ಶಕರು ಅದರ ಹೆಸರನ್ನೇ ಎತ್ತಿಕೊಂಡು ಇಂಥ ಕಟ್ಟಡಗಳ ಬಗ್ಗೆ ಲೇಖನ ಬರೆದರು. ಹೊಗಳಲು ಬರೆದದ್ದಲ್ಲ, ಹಾಸ್ಯ ಮಾಡಲು ಬರೆದದ್ದು. ಹೆಸರು ಮಾತ್ರ ಅಂಟಿಕೊಂಡಿತು. ಬಹಳ ಕಾಲ ಕಲಿತವರ ಕಣ್ಣಿಗೆ ಇವು ಕಲೆಯಾಗಿ ಕಾಣಲೇ ಇಲ್ಲ. ಮೂಲ ಗೂಗೀಸ್ ಹೋಟೆಲನ್ನೇ 1989ರಲ್ಲಿ ಕೆಡವಿದರು.

ಶನಿವಾರ ರಾತ್ರಿಯ ಹಾರ್ವೀಸ್

ಡೌನಿಯ ಫೈರ್‌ಸ್ಟೋನ್ ಬುಲೆವಾರ್ಡಿನಲ್ಲಿ 1958ರಲ್ಲಿ ಹಾರ್ವೀಸ್ ಬ್ರಾಯ್ಲರ್ ಎಂಬ ಹೋಟೆಲು ತೆರೆಯಿತು. ಬ್ರಾಯ್ಲರ್ ಎಂದರೆ ಇಲ್ಲಿ ಕೋಳಿಯಲ್ಲ, ಬೆಂಕಿಯ ನೇರ ಕಾವಿನಲ್ಲಿ ಮಾಂಸ ಸುಡುವ ಒಲೆ. ಕಟ್ಟಡದ ವಿನ್ಯಾಸ ಪಾಲ್ ಕ್ಲೇಟನ್ ಅವರದು. ಒಂದು ಕಡೆ ಕುಳಿತು ತಿನ್ನುವ ಕಾಫಿ ಹೋಟೆಲು, ಇನ್ನೊಂದು ಕಡೆ ಕಾರುಗಳು ಸಾಲಾಗಿ ನಿಲ್ಲುವ ಚಪ್ಪರ. ಕಾರಿನಲ್ಲಿ ಕುಳಿತವರ ಕಿಟಕಿಗೇ ತಟ್ಟೆ ತಂದುಕೊಡುವ ಹುಡುಗಿಯರಿದ್ದರು. ಬೆಂಗಳೂರಿನ ಏರ್‌ಲೈನ್ಸ್ ಹೋಟೆಲಿನಲ್ಲಿ ಮರದ ನೆರಳಲ್ಲಿ ಕಾರು ನಿಲ್ಲಿಸಿ ತಿಂಡಿ ತಿಂದವರಿಗೆ ಈ ಕ್ರಮ ಹೊಸದಲ್ಲ. ಮೇಲೆ ದೊಡ್ಡ ನಿಯಾನ್ ಹಲಗೆ, ರಾತ್ರಿ ಬಹು ದೂರಕ್ಕೆ ಕಾಣುತ್ತಿತ್ತು.

ಅಲ್ಲಿನ ಯುವಕ ಯುವತಿಯರಿಗೆ ಅದು ಊಟದ ಜಾಗಕ್ಕಿಂತ ಹೆಚ್ಚಿನದಾಗಿತ್ತು. ಶನಿವಾರ ರಾತ್ರಿ ಸ್ವಂತ ಕೈಯಿಂದ ರಿಪೇರಿ ಮಾಡಿ ಬಣ್ಣ ಬಳಿದ ಕಾರುಗಳಲ್ಲಿ ಬರುವುದು, ನಿಧಾನವಾಗಿ ಹೋಟೆಲಿನ ಸುತ್ತ ಒಂದು ಸುತ್ತು ಹಾಕುವುದು, ಯಾರು ಬಂದಿದ್ದಾರೆ ಎಂದು ನೋಡುವುದು, ಒಂದು ಬರ್ಗರು ತರಿಸಿ ಎರಡು ಗಂಟೆ ಹರಟುವುದು. ನಮ್ಮಲ್ಲಿ ಬಲಿಪೂಜೆಯ ನಂತರ ಅಂಗಳದಲ್ಲಿ ನಿಂತು ಹರಟುವುದಿಲ್ಲವೇ, ಇಲ್ಲವೇ ಬಸ್ ನಿಲ್ದಾಣದ ಕಟ್ಟೆಯಲ್ಲಿ ಕೂರುವುದಿಲ್ಲವೇ, ಹಾಗೆ. ಎಷ್ಟೋ ಸ್ನೇಹಗಳು, ಎಷ್ಟೋ ಮದುವೆಗಳು ಅಂಥ ಕಾರು ನಿಲ್ದಾಣಗಳಲ್ಲಿ ಶುರುವಾದವು.

1960ರ ದಶಕದಲ್ಲಿ ಹೋಟೆಲು ಕೈ ಬದಲಾಯಿತು, ಹೆಸರು ಜಾನೀಸ್ ಬ್ರಾಯ್ಲರ್ ಆಯಿತು. ಕಟ್ಟಡ ಹೆಚ್ಚು ಬದಲಾಗಲಿಲ್ಲ. ಹಳೆಯ ಕಾಲದ ನೋಟ ಬೇಕಾದ ಸಿನಿಮಾದವರು ಅಲ್ಲಿಗೆ ಬರತೊಡಗಿದರು. 2001ರ ಡಿಸೆಂಬರ್ ಕೊನೆಯಲ್ಲಿ ಹೋಟೆಲು ಮುಚ್ಚಿತು. ಆ ಜಾಗದಲ್ಲಿ ಹಳೆಯ ಕಾರುಗಳ ಮಾರಾಟ ಶುರುವಾಯಿತು.

ಊರಿನವರಿಗೂ ಲಾಸ್ ಏಂಜಲೀಸ್ ಕನ್ಸರ್ವೆನ್ಸಿ ಎಂಬ ಸಂರಕ್ಷಣಾ ಸಂಸ್ಥೆಗೂ ಚಿಂತೆ ಹುಟ್ಟಿತು. 1978ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯಲ್ಲಿ ಇಪ್ಪತ್ತನೆಯ ಶತಮಾನದ ಕಟ್ಟಡಗಳಿಗಾಗಿಯೇ ದುಡಿಯುವ ಸ್ವಯಂಸೇವಕರ ಒಂದು ಸಮಿತಿ ಇದೆ. 2002ರಲ್ಲಿ ರಾಜ್ಯದ ಐತಿಹಾಸಿಕ ಸಂಪನ್ಮೂಲಗಳ ಆಯೋಗವು ಈ ಕಟ್ಟಡವು ಕ್ಯಾಲಿಫೋರ್ನಿಯದ ಐತಿಹಾಸಿಕ ಪಟ್ಟಿಗೆ ಅರ್ಹವೆಂದು ತೀರ್ಮಾನಿಸಿತು. ಆದರೆ ಮಾಲಕರ ಒಪ್ಪಿಗೆ ಇರಲಿಲ್ಲ. ಮಾಲಕರು ಒಪ್ಪದಿದ್ದರೆ ಖಾಸಗಿ ಕಟ್ಟಡ ಪಟ್ಟಿಗೆ ಸೇರುವುದಿಲ್ಲ. ಅರ್ಹ, ಆದರೆ ಸೇರಿಲ್ಲ. ಕಾಗದದ ಮೇಲೆ ಗೌರವ ಸಿಕ್ಕಿತು, ಕಾವಲು ಸಿಗಲಿಲ್ಲ.

2007ರ ಜನವರಿ 7

ಅದು ಭಾನುವಾರ. ನಗರಸಭೆಯ ಕಚೇರಿಗೆ ರಜೆ. ಅಂದು ಬ್ರಾಯ್ಲರ್ ಹೋಟೆಲಿನ ಅಂಗಳಕ್ಕೆ ಬುಲ್ಡೋಜರ್ ಬಂದು ಕಟ್ಟಡ ಕೆಡವತೊಡಗಿತು. ಕೆಡವಲು ನಗರಸಭೆಯ ಪರವಾನಗಿ ಬೇಕು, ಆ ಪರವಾನಗಿ ಇರಲಿಲ್ಲ.

ಕಂಡವರು ಸುಮ್ಮನಿರಲಿಲ್ಲ. ಪೊಲೀಸರಿಗೆ ಫೋನ್ ಹೋಯಿತು. ಸುದ್ದಿ ಬಾಯಿಂದ ಬಾಯಿಗೆ ಹರಡಿತು. ಅಧಿಕಾರಿಗಳು ಬಂದು ಕೆಲಸ ನಿಲ್ಲಿಸಿದರು. ಅಷ್ಟರಲ್ಲಿ ಕಟ್ಟಡದ ಬಹುಭಾಗ ನೆಲಕ್ಕುರುಳಿತ್ತು. ಉಳಿದದ್ದು ಹಲಗೆ, ಮುಂಭಾಗದ ಒಂದಷ್ಟು, ಚಪ್ಪರದ ಕಡೆಯ ಒಂದಷ್ಟು. ಕಟ್ಟಡಕ್ಕೆ ಆಗ ಸುಮಾರು 49 ವರ್ಷ. ಅಮೆರಿಕದಲ್ಲಿ ಕಟ್ಟಡವೊಂದು ಐತಿಹಾಸಿಕ ಎನಿಸಿಕೊಳ್ಳಲು ಸಾಮಾನ್ಯವಾಗಿ 50 ವರ್ಷ ಆಗಿರಬೇಕು ಎಂಬ ರೂಢಿಯಿದೆ.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಮಾಲಕನಿಗೆ ತನ್ನ ಜಾಗದ ಮೇಲೆ ಹಕ್ಕಿಲ್ಲವೇ ಎಂದು ಕೇಳಬಹುದು. ಇದೆ. ಮುಚ್ಚಿದ ಹೋಟೆಲಿನಿಂದ ಆದಾಯವಿಲ್ಲ, ತೆರಿಗೆ ಮಾತ್ರ ಕಟ್ಟಬೇಕು. ದೂರದಲ್ಲಿ ಕುಳಿತು ‘ಉಳಿಸಿ’ ಎನ್ನುವುದು ಸುಲಭ, ಉಳಿಸುವ ಖರ್ಚು ಹೊರುವವರು ಬೇರೆಯವರು. ಹಾಗಾಗಿಯೇ ಪರವಾನಗಿ ಎಂಬ ಕ್ರಮವಿರುವುದು. ಅರ್ಜಿ ಹಾಕಿದರೆ ಊರಿಗೆ ತಿಳಿಯುತ್ತದೆ, ಹೇಳುವವರು ಹೇಳುತ್ತಾರೆ, ಕೊನೆಗೆ ಕೆಡವಲು ಒಪ್ಪಿಗೆ ಸಿಕ್ಕಿದರೂ ಫೋಟೋ ತೆಗೆಯಲು, ಹಲಗೆ ಬಿಚ್ಚಿಡಲು, ವಿದಾಯ ಹೇಳಲು ಸಮಯ ಇರುತ್ತದೆ. ಆ ಭಾನುವಾರ ಊರಿನಿಂದ ಕಿತ್ತುಕೊಂಡದ್ದು ಗೋಡೆಗಳನ್ನಷ್ಟೇ ಅಲ್ಲ, ಮಾತಾಡುವ ಆ ಅವಕಾಶವನ್ನೂ. ಜನರಿಗೆ ನೋವಾದದ್ದು ಅದಕ್ಕೇ.

ಊರಿನವರು ಬಿದ್ದ ಕಟ್ಟಡದ ಮುಂದೆ ಅತ್ತು ಮನೆಗೆ ಹೋಗಲಿಲ್ಲ. ಮತ್ತೆ ಕಟ್ಟಿಸಬೇಕು ಎಂದು ಪಟ್ಟು ಹಿಡಿದರು. 1960ರ ದಶಕದಲ್ಲಿ ಅಲ್ಲಿ ಹದಿಹರೆಯದವರಾಗಿದ್ದವರು ಆ ಹೊತ್ತಿಗೆ ಅರವತ್ತರ ಆಸುಪಾಸಿನ ಅಜ್ಜ ಅಜ್ಜಿಯರು. ಅವರ ಜೊತೆಗೆ, ಹಾರ್ವೀಸ್ ಎಂಬ ಹೆಸರಿನ ಕಾಲವನ್ನು ಕಾಣದ ಕಿರಿಯರೂ ಸೇರಿದರು. ನಗರಸಭೆಯ ಮುಂದೆ ಮಾತಾಡಿದರು, ಹಳೆಯ ಫೋಟೋಗಳನ್ನು ಹೊರತೆಗೆದರು.

ಕೊನೆಗೆ ದಾರಿ ತೆರೆದದ್ದು ಇನ್ನೊಂದು ಹೋಟೆಲು. 1936ರಲ್ಲಿ ಕ್ಯಾಲಿಫೋರ್ನಿಯದ ಗ್ಲೆಂಡೇಲಿನಲ್ಲಿ ಬಾಬ್ ವಿಯನ್ ಎಂಬವರು ಶುರುಮಾಡಿದ ಬಾಬ್ಸ್ ಬಿಗ್ ಬಾಯ್ ಎಂಬ ಹೋಟೆಲುಗಳ ಸರಣಿ ಇದೆ. ಅದರ ಶಾಖೆ ನಡೆಸುವವರು 2008ರಲ್ಲಿ ಈ ಜಾಗವನ್ನು ಬಾಡಿಗೆಗೆ ಪಡೆದರು. ಮೂಲ ನಕ್ಷೆಗಳನ್ನು ಇಟ್ಟುಕೊಂಡು, ಉಳಿದ ಭಾಗಗಳನ್ನೂ ಹಲಗೆಯನ್ನೂ ಸೇರಿಸಿಕೊಂಡು ಕಟ್ಟಡವನ್ನು ಮತ್ತೆ ಎಬ್ಬಿಸಿದರು. 2009ರ ಅಕ್ಟೋಬರಿನಲ್ಲಿ ಬಾಬ್ಸ್ ಬಿಗ್ ಬಾಯ್ ಬ್ರಾಯ್ಲರ್ ಎಂಬ ಹೆಸರಿನಲ್ಲಿ ಬಾಗಿಲು ತೆರೆಯಿತು. ಹಳೆಯ ಕಾರುಗಳನ್ನು ಪ್ರೀತಿಯಿಂದ ಇಟ್ಟುಕೊಂಡವರು ಮತ್ತೆ ಅಲ್ಲಿಗೆ ಬರತೊಡಗಿದರು.

ಇದು ಹಳೆಯ ಕಟ್ಟಡವೇ, ಹೊಸದೇ? ಪ್ರಾಮಾಣಿಕವಾಗಿ ಹೇಳಬೇಕಾದರೆ ಬಹುಪಾಲು ಹೊಸದು. 1958ರಲ್ಲಿ ಸುಣ್ಣ ಬಳಿದ ಗೋಡೆ ಹೋಯಿತು, ಅದು ಮರಳಿ ಬರುವುದಿಲ್ಲ. ಆದರೆ ಬಿದ್ದ ಜಾಗದಲ್ಲಿ ಬೇರೇನೋ ಎದ್ದು, ಮುಂದಿನ ತಲೆಮಾರು ‘ಅಲ್ಲಿ ಒಂದು ಹೋಟೆಲು ಇತ್ತಂತೆ’ ಎನ್ನುವುದಕ್ಕಿಂತ ಇದು ಎಷ್ಟೋ ಮೇಲು ಎಂದು ನಮ್ಮಲ್ಲಿ ಹೆಚ್ಚಿನವರ ಅಭಿಪ್ರಾಯ. ಒಂದಿಬ್ಬರು ಒಪ್ಪಲಿಲ್ಲ. ಹೀಗೆ ಕಟ್ಟಬಹುದು ಎಂದಾದರೆ ‘ಕೆಡವಿ, ಆಮೇಲೆ ಕಟ್ಟಿದರಾಯಿತು’ ಎನ್ನುವವರಿಗೆ ಧೈರ್ಯ ಬರುತ್ತದೆ ಎಂಬುದು ಅವರ ವಾದ. ಅದರಲ್ಲೂ ಹುರುಳಿದೆ.

ಅದೇ ಊರಿನ ಇನ್ನೆರಡು

ಡೌನಿಯ ಲೇಕ್‌ವುಡ್ ಬುಲೆವಾರ್ಡಿನಲ್ಲಿ ಇನ್ನೊಂದು ಹೋಟೆಲು ಇದೆ, ಅದರ ಹೆಸರು ನಿಮಗೆಲ್ಲ ಗೊತ್ತು: ಮೆಕ್‌ಡೊನಾಲ್ಡ್ಸ್. ರಿಚರ್ಡ್ ಮತ್ತು ಮಾರಿಸ್ ಎಂಬ ಮೆಕ್‌ಡೊನಾಲ್ಡ್ ಸಹೋದರರು ಸ್ಯಾನ್ ಬರ್ನಾರ್ಡಿನೊ ಊರಿನಲ್ಲಿ ನಡೆಸುತ್ತಿದ್ದ ಹೋಟೆಲನ್ನು 1948ರಲ್ಲಿ ಪೂರ್ತಿ ಬದಲಿಸಿದರು. ತಿಂಡಿಗಳ ಪಟ್ಟಿ ಚಿಕ್ಕದು ಮಾಡಿ, ಕಾರಿಗೆ ತಂದುಕೊಡುವವರನ್ನು ಬಿಟ್ಟು, ಕಿಟಕಿಯಲ್ಲೇ ಕೊಂಡುಹೋಗುವ ಕ್ರಮ ತಂದು, 15 ಸೆಂಟಿಗೆ ಬರ್ಗರು ಕೊಟ್ಟರು. ಆಮೇಲೆ ಬೇರೆ ಊರುಗಳವರಿಗೂ ತಮ್ಮ ಹೆಸರು, ಕ್ರಮ ಕೊಡತೊಡಗಿದಾಗ ಸ್ಟ್ಯಾನ್ಲಿ ಮೆಸ್ಟನ್ ಎಂಬ ವಾಸ್ತುಶಿಲ್ಪಿಯಿಂದ ಕಟ್ಟಡದ ವಿನ್ಯಾಸ ಮಾಡಿಸಿದರು. ಎರಡು ಬದಿಯಲ್ಲೂ ಮಾಡನ್ನು ಸೀಳಿಕೊಂಡು ಏಳುವ ಹಳದಿ ಕಮಾನುಗಳು ಅದರ ಗುರುತು. ಇಂದು ಜಗತ್ತೆಲ್ಲ ಕಾಣುವ ಹಳದಿ ‘ಎಂ’ ಅಕ್ಷರದ ಮೂಲ ಆ ಕಮಾನುಗಳೇ.

ಡೌನಿಯ ಶಾಖೆ ತೆರೆದದ್ದು 1953ರ ಆಗಸ್ಟ್ 18ರಂದು. ರೇ ಕ್ರಾಕ್ ಎಂಬ ವ್ಯಾಪಾರಿ ಸಹೋದರರನ್ನು ಭೇಟಿಯಾದದ್ದು ಅದರ ಮರುವರ್ಷ, 1954ರಲ್ಲಿ. 1961ರಲ್ಲಿ ಅವರು ಸಹೋದರರಿಂದ ವ್ಯಾಪಾರವನ್ನೆಲ್ಲ 27 ಲಕ್ಷ ಡಾಲರಿಗೆ ಕೊಂಡು ದೊಡ್ಡ ಕಂಪನಿ ಬೆಳೆಸಿದರು. ಡೌನಿಯವರ ಒಪ್ಪಂದ ನೇರ ಸಹೋದರರ ಜೊತೆಗೆ ಆಗಿದ್ದರಿಂದ ಅದು ಬಹುಕಾಲ ಕಂಪನಿಯ ಹೊರಗೇ ಉಳಿಯಿತು. ಉಳಿದ ಶಾಖೆಗಳು ಹಳೆಯ ಕಟ್ಟಡ ಕೆಡವಿ ಹೊಸ ನಮೂನೆಗೆ ಹೋದಾಗ ಡೌನಿಯದು ಹಾಗೇ ನಿಂತದ್ದಕ್ಕೆ ಇದೇ ಮುಖ್ಯ ಕಾರಣ. ಯಾರೂ ಉಳಿಸಲು ಹೊರಡಲಿಲ್ಲ, ಕರಾರಿನ ಒಂದು ಅಂಶ ತಾನಾಗಿ ಉಳಿಸಿತು. ಈಗ ಉಳಿದಿರುವ ಮೆಕ್‌ಡೊನಾಲ್ಡ್ಸ್ ಹೋಟೆಲುಗಳಲ್ಲಿ ಅದೇ ಅತ್ಯಂತ ಹಳೆಯದು.

1990ರಲ್ಲಿ ಅದು ಕಂಪನಿಯ ಕೈಗೆ ಬಂತು. ಒಳಗೆ ಕೂರಲು ಜಾಗವಿಲ್ಲ, ಕಾರಿನಲ್ಲೇ ತಿಂಡಿ ಪಡೆದು ಮುಂದೆ ಹೋಗುವ ಕಿಟಕಿ ಇಲ್ಲ, ವ್ಯಾಪಾರ ಕಡಿಮೆ. 1994ರ ಜನವರಿ 17ರಂದು ಲಾಸ್ ಏಂಜಲೀಸ್ ಪ್ರದೇಶದಲ್ಲಿ ನಾರ್ತ್‌ರಿಜ್ ಭೂಕಂಪವಾಯಿತು. ಅದರಿಂದಾದ ಹಾನಿಯನ್ನೂ ಕಾರಣ ಕೊಟ್ಟು ಹೋಟೆಲು ಮುಚ್ಚಲಾಯಿತು. ಕೆಡವುವ ಮಾತು ಬಂತು. ಈ ಕಟ್ಟಡವೂ ರಾಷ್ಟ್ರೀಯ ಐತಿಹಾಸಿಕ ಪಟ್ಟಿಗೆ ಅರ್ಹವೆಂದು 1984ರಲ್ಲೇ ತೀರ್ಮಾನವಾಗಿತ್ತು, ಮಾಲಕರ ಒಪ್ಪಿಗೆಯಿಲ್ಲದೆ ಸೇರಿರಲಿಲ್ಲ. ಬ್ರಾಯ್ಲರಿನ ಕಥೆಯೇ. ಆದರೆ ಇಲ್ಲಿ ಎದುರಿಗಿದ್ದದ್ದು ಒಳ್ಳೆಯ ಹೆಸರು ಬೇಕಾದ ಜಗತ್ಪ್ರಸಿದ್ಧ ಕಂಪನಿ. ರಾಷ್ಟ್ರೀಯ ಸಂರಕ್ಷಣಾ ಟ್ರಸ್ಟ್ 1994ರಲ್ಲಿ ದೇಶದಲ್ಲೇ ಅತ್ಯಂತ ಅಪಾಯದಲ್ಲಿರುವ 11 ಸ್ಥಳಗಳ ಪಟ್ಟಿಯಲ್ಲಿ ಈ ಬರ್ಗರ್ ಅಂಗಡಿಯನ್ನು ಸೇರಿಸಿತು. ಜನ ಪತ್ರ ಬರೆದರು. ಕಂಪನಿ ಮನಸ್ಸು ಬದಲಿಸಿತು, ದುರಸ್ತಿ ಮಾಡಿಸಿತು, 1996ರ ಡಿಸೆಂಬರಿನಲ್ಲಿ ಮತ್ತೆ ತೆರೆಯಿತು. 60 ಅಡಿ ಎತ್ತರದ ಅದರ ಹಳೆಯ ನಿಯಾನ್ ಹಲಗೆಯಲ್ಲಿ ಬಾಣಸಿಗನ ಟೊಪ್ಪಿ ಹಾಕಿದ ಸ್ಪೀಡಿ ಎಂಬ ಬೊಂಬೆ ಇಂದಿಗೂ ಓಡುತ್ತಿದೆ.

ಮೂರನೆಯದು ಪುಟ್ಟದು. ಫೈರ್‌ಸ್ಟೋನ್ ಬುಲೆವಾರ್ಡಿನಲ್ಲೇ 1962ರಲ್ಲಿ ಗ್ಲೆನ್ ಬೆಲ್ ಎಂಬವರು ಮೊದಲ ಟ್ಯಾಕೊ ಬೆಲ್ ತೆರೆದರು. ಮೆಕ್ಕೆಜೋಳದ ತೆಳು ರೊಟ್ಟಿಯನ್ನು ಮಡಚಿ ಒಳಗೆ ಮಾಂಸ, ಸೊಪ್ಪು ತುಂಬಿದ ಮೆಕ್ಸಿಕೊದ ತಿಂಡಿಯೇ ಟ್ಯಾಕೊ. ಸುಮಾರು 400 ಚದರಡಿಯ, ಮುಂದೆ ಕಮಾನುಗಳಿದ್ದ ಗೂಡಂಗಡಿಯದು. ವ್ಯಾಪಾರಕ್ಕೆ ಜಾಗ ಸಾಲದೆ ಕಂಪನಿ 1986ರಲ್ಲಿ ಅದನ್ನು ಬಿಟ್ಟಿತು, ಆಮೇಲೆ ಬೇರೆಯವರು ಅಂಗಡಿ ನಡೆಸಿದರು. 2015ರ ಆರಂಭದಲ್ಲಿ ಅದಕ್ಕೂ ಕೆಡವುವ ಭೀತಿ ಬಂತು. ಊರಿನವರೂ ದೂರದವರೂ ‘ಉಳಿಸಿ’ ಎಂದು ಮೊಬೈಲಿನಲ್ಲೇ ಕೂಗು ಹಾಕಿದರು. ಇದ್ದ ಜಾಗದಲ್ಲಿ ಉಳಿಸಲು ಆಗಲಿಲ್ಲ. 2015ರ ನವೆಂಬರ್ 19ರ ರಾತ್ರಿ ಇಡೀ ಕಟ್ಟಡವನ್ನು ಲಾರಿಯ ಮೇಲೆ ಹೇರಿ, ಸುಮಾರು 70 ಕಿಲೋಮೀಟರ್ ದೂರದ ಅರ್ವೈನ್ ಊರಿನ ಕಂಪನಿಯ ಮುಖ್ಯ ಕಚೇರಿಗೆ ಸಾಗಿಸಿದರು. ಕಟ್ಟಡ ಉಳಿಯಿತು, ಊರು ಕಳೆದುಕೊಂಡಿತು.

ಮೂರರಿಂದ ನಾವು ಕಲಿತದ್ದು

ಈ ಮೂರು ಕಥೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನಮಗೆ ಒಂದು ಮಾತು ಸ್ಪಷ್ಟವಾಯಿತು. ಮೂರರಲ್ಲಿ ಒಂದನ್ನೂ ಪಟ್ಟಿಯಾಗಲಿ ಕಾನೂನಾಗಲಿ ತಾನೇ ಬಂದು ಉಳಿಸಲಿಲ್ಲ. ಉಳಿದಷ್ಟು ಉಳಿದದ್ದು, ಆ ಕಟ್ಟಡ ತಮ್ಮದು ಎಂದುಕೊಂಡ ಜನ ಸಮಯಕ್ಕೆ ಬಾಯಿ ತೆರೆದದ್ದರಿಂದ. ಆ ಭಾನುವಾರ ಯಾರೂ ಫೋನ್ ಮಾಡದೇ ಇದ್ದಿದ್ದರೆ ಸೋಮವಾರಕ್ಕೆ ಮತ್ತೆ ಜೋಡಿಸಲು ಏನೂ ಉಳಿಯುತ್ತಿರಲಿಲ್ಲ.

ಎರಡನೆಯದು, ಕಟ್ಟಡ ಉಳಿಯಬೇಕಾದರೆ ಅದಕ್ಕೆ ಕೆಲಸವಿರಬೇಕು. ಬ್ರಾಯ್ಲರ್ ಬಿದ್ದದ್ದು ಅದು ಹೋಟೆಲಾಗಿ ನಡೆಯುವಾಗಲ್ಲ, ಐದು ವರ್ಷ ಒಲೆ ಆರಿದ ಮೇಲೆ. ಮೆಕ್‌ಡೊನಾಲ್ಡ್ಸ್ ಕಟ್ಟಡ ನಿಂತಿರುವುದು ಅಲ್ಲಿ ಇಂದಿಗೂ ಆಲೂಗಡ್ಡೆ ಕರಿಯುವುದರಿಂದ. ನಮ್ಮ ಹಳೆಯ ಹೋಟೆಲು, ಹಳೆಯ ವಾಚನಾಲಯ, ಹಳೆಯ ಕನ್ನಡ ಶಾಲೆಯ ಕಟ್ಟಡಗಳ ಮಾತೂ ಇದೇ. ‘ಹಳೆಯದು ಉಳಿಯಲಿ’ ಎನ್ನುವ ನಾವು ತಿಂಗಳಿಗೊಮ್ಮೆಯಾದರೂ ಅಲ್ಲಿಗೆ ಹೋಗುತ್ತೇವೆಯೇ ಎಂದು ನಮ್ಮನ್ನೇ ಕೇಳಿಕೊಂಡೆವು. ನಮ್ಮ ತಿರುವಿನ ಹೋಟೆಲು ಹೋಗುವ ಮೊದಲ ವರ್ಷ ನಾವು ಎಷ್ಟು ಸಲ ಅಲ್ಲಿ ಚಾ ಕುಡಿದಿದ್ದೆವು? ಲೆಕ್ಕ ಹಾಕಿದರೆ ನಾಚಿಕೆಯಾಗುತ್ತದೆ. ಪೇಟೆಯ ಹೊಸ ಬೇಕರಿಗೆ ಹೋಗುತ್ತಿದ್ದೆವು.

ಮೂರನೆಯದು, ಇತಿಹಾಸ ಎಂದರೆ ಕೋಟೆ, ಅರಮನೆ, ನೂರಾರು ವರ್ಷದ ದೇವಾಲಯ, ಇಗರ್ಜಿ ಮಾತ್ರ ಎಂಬ ಎಣಿಕೆ ನಮ್ಮದು. ಕಾನೂನೂ ಹಾಗೇ ಎಣಿಸುತ್ತದೆ. ನಮ್ಮ ದೇಶದ ಪ್ರಾಚೀನ ಸ್ಮಾರಕಗಳ ಕಾಯಿದೆ ಬಂದದ್ದು 1958ರಲ್ಲಿ, ಹಾರ್ವೀಸ್ ತೆರೆದ ವರ್ಷವೇ. ಆ ಕಾಯಿದೆಯ ಪ್ರಕಾರ ಸ್ಮಾರಕ ಎನಿಸಿಕೊಳ್ಳಲು ಕನಿಷ್ಠ 100 ವರ್ಷವಾಗಿರಬೇಕು. 1950ರ ದಶಕದಲ್ಲಿ ಕಟ್ಟಿದ ಹೋಟೆಲು 2050ರ ದಶಕದವರೆಗೆ ತಾನೇ ಬದುಕಿಕೊಳ್ಳಬೇಕು. ಆಮೇಲೂ ಹೋಟೆಲಿಗೆ ಆ ಮಾನ ಸಿಗುತ್ತದೆಯೇ ಎಂಬುದು ಬೇರೆ ಮಾತು.

ಆದರೆ ನಮ್ಮ ಗಡಿನಾಡಿನ ಮಟ್ಟಿಗೆ ಆ ಕಾಲದ ಕಟ್ಟಡಗಳು ಎಷ್ಟೊಂದನ್ನು ಕಂಡಿವೆ! 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಹೊಸದಾಗಿ ಎಳೆದಾಗ ಕಾಸರಗೋಡು ಕೇರಳಕ್ಕೆ ಸೇರಿತು. ನಮ್ಮ ಅಜ್ಜಂದಿರು ಆ ಸುದ್ದಿಯನ್ನು ಚರ್ಚಿಸಿದ್ದು ಮನೆಯೊಳಗೆ ಕುಳಿತಲ್ಲ, ಇಂಥ ಹೋಟೆಲುಗಳಲ್ಲಿ, ಒಂದೇ ಕನ್ನಡ ಪತ್ರಿಕೆಯನ್ನು ಪುಟ ಬಿಡಿಸಿ ಹಂಚಿಕೊಂಡು ಓದುತ್ತ. ಒಂದೇ ಬೆಂಚಿನಲ್ಲಿ ಕನ್ನಡ, ತುಳು, ಕೊಂಕಣಿ, ಮಲಯಾಳ, ಬ್ಯಾರಿ ಮಾತುಗಳು ಕೂತು ಚಾ ಕುಡಿದವು. ಬಾಗಿಲ ಮೇಲಿನ ಕನ್ನಡ ಹಲಗೆ, ಈ ದಾರಿಯಲ್ಲಿ ಈ ಮಾತಿನವರೂ ಇದ್ದಾರೆ ಎಂದು ಹೋಗುವ ಬರುವವರಿಗೆಲ್ಲ ಹೇಳುತ್ತಿತ್ತು. ಹಲಗೆ ಇಳಿದ ಮೇಲೆ ಅದನ್ನು ಹೇಳಲು ನಾವೇ ಬಾಯಿ ಬಿಡಬೇಕು.

ಎಲ್ಲವನ್ನೂ ಉಳಿಸಲು ಆಗುವುದಿಲ್ಲ, ಅದು ನಮಗೆ ಗೊತ್ತು. ಹೆದ್ದಾರಿ ಬೇಕಾದಾಗ ಹೋಟೆಲು ಹೋಗಬಹುದು. ಆದರೆ ಹೇಗೆ ಹೋಗಬೇಕು ಎಂಬುದು ನಮ್ಮ ಕೈಯಲ್ಲೂ ಸ್ವಲ್ಪ ಇದೆ. ಡೌನಿಯವರಿಗೆ ಮತ್ತೆ ಕಟ್ಟಲು ಸಾಧ್ಯವಾದದ್ದು ನಕ್ಷೆಯಿದ್ದುದರಿಂದ, ಫೋಟೋಗಳಿದ್ದುದರಿಂದ, ಹಲಗೆ ಉಳಿದದ್ದರಿಂದ. ನಮ್ಮ ಹತ್ತಿರ ಇದ್ದದ್ದು ಒಂದು ಮದುವೆಯ ಫೋಟೋದ ಮೂಲೆ.

ಅದಕ್ಕಾಗಿ ಕೂಟದಲ್ಲಿ ಒಂದು ತೀರ್ಮಾನ ಮಾಡಿದ್ದೇವೆ. ಪ್ರತಿ ವಾಳೆಯ ಇಬ್ಬರು ಯುವಕ ಯುವತಿಯರು ತಮ್ಮ ವಾಳೆಯಲ್ಲಿ 1980ಕ್ಕೆ ಮೊದಲು ಕಟ್ಟಿದ ಹೋಟೆಲು, ಅಂಗಡಿ, ಶಾಲೆ, ವಾಚನಾಲಯಗಳ ಪಟ್ಟಿ ಮಾಡುವುದು. ಮಾಲಕರ ಅನುಮತಿ ಕೇಳಿ ನಾಲ್ಕೂ ಕಡೆಯಿಂದ ಒಂದೊಂದು, ಒಳಗಿನಿಂದ ಒಂದು, ಹಲಗೆಯದು ಒಂದು ಫೋಟೋ ತೆಗೆಯುವುದು. ಕಟ್ಟಿದವರು ಯಾರು, ಹೆಂಚು ಎಲ್ಲಿಯದು, ಮೊದಲು ಏನು ಮಾರುತ್ತಿದ್ದರು ಎಂದು ಹಿರಿಯರಿಂದ ಕೇಳಿ ಬರೆದುಕೊಳ್ಳುವುದು. ಯಾವುದಾದರೂ ಕಟ್ಟಡ ಕೆಡವುತ್ತಾರೆ ಎಂದು ತಿಳಿದರೆ, ಕನಿಷ್ಠ ಹೆಸರಿನ ಹಲಗೆಯನ್ನಾದರೂ ನಮಗೆ ಕೊಡಿ ಎಂದು ಮಾಲಕರನ್ನು ಕೇಳುವುದು. ಇಡಲು ಜಾಗ ಹುಡುಕೋಣ.

ಮನೆಮನೆಯ ಹಿರಿಯರಲ್ಲಿ ಒಂದು ವಿನಂತಿ. ನಿಮ್ಮ ಮದುವೆ, ಪ್ರಥಮ ಪರಮಪ್ರಸಾದ, ಹಬ್ಬದ ಮೆರವಣಿಗೆಗಳ ಹಳೆಯ ಆಲ್ಬಮುಗಳನ್ನು ಒಮ್ಮೆ ತೆರೆಯಿರಿ. ಮುಂದೆ ನಿಂತ ಜನರನ್ನಲ್ಲ, ಅವರ ಹಿಂದೆ ಏನಿದೆ ಎಂದು ನೋಡಿ. ನಮ್ಮ ತಿರುವಿನ ಹೋಟೆಲಿನ ಹಲಗೆಯ ಉಳಿದರ್ಧ ಯಾರದಾದರೂ ಮನೆಯ ಕಪಾಟಿನಲ್ಲಿ ಇರಲೇಬೇಕು. ಸಿಕ್ಕಿದರೆ ಭಾನುವಾರ ಬಲಿಪೂಜೆಗೆ ಬರುವಾಗ ತನ್ನಿ, ನಾವು ಅಂಗಳದಲ್ಲೇ ಪ್ರತಿ ಮಾಡಿ ಆಲ್ಬಮನ್ನು ಅಲ್ಲೇ ಹಿಂದಿರುಗಿಸುತ್ತೇವೆ.